ಹಿಟ್ಟಿನ ಡಬ್ಬಿ ಹಿಂದಿನ ಬಂದೂಕು

ಕಮಲಾಪುರದಿಂದ ದಿನಾ ಬಸ್ಸಿಗಿ ಬಂದು ಕಲಬುರಗ್ಯಾಗ ಒಬ್ಬರ ಮನ್ಯಾಗ ರೊಟ್ಟಿ ಬಡೀತೀನಿ. ಅವರ ಮ್ಯಾಲಿನ ಖೋಲಿಗಿ ಬ್ಯಾಂಕ್ ಕಾಯೋ ಮಾಜಿ ಸೈನಿಕ ಬಾಡಿಗಿಗಿ ಬಂದ. ಕೈಯಾಗ ಉದ್ದನ್ನ ಗಂಟು. ಅದರಾಗ ಏನದ ಅಂತ ತಿಳಿಯೋತನಕ ನನಗ ಚಹಾ ಸೇರಲಿಲ್ಲ, ಕೇಳೇಬಿಟ್ಟೆ. "ಬಂದೂಕ ಅದ ಅವ್ವಾ" ಅಂದ. ಮಾಲಕಿ ಕಿವಿಗಿ ಮುಟ್ಟಿಸಿದಾಕಿನೂ ನಾನೇ, ಸುಳ್ಳ್ಯಾಕ ಹೇಳಲಿ.

ಆಕಿ ಬಾಡಿಗಿ ಕಾಗದ ಹಿಡಕೊಂಡು ಬಂದಳು. "ಮನ್ಯಾಗ ಬಂದೂಕು ಇಡಬಾರದಂತ ಬರದದ. ನಾಳಿಗಿ ಖೋಲಿ ಖಾಲಿ ಮಾಡ್ರಿ."

ಅವ ಅದನ್ನ ಓದದೇ ಸಹಿ ಹಾಕಿದ್ದ. "ಲೈಸೆನ್ಸ್ ಅದರೀ ಅಕ್ಕೋರ. ಗುಂಡು ತಗದು ಪೆಟಗ್ಯಾಗ ಕೀಲಿ ಹಾಕಿಡತೀನಿ. ಬಂದೂಕಿಲ್ಲಂದ್ರ ನೌಕರಿನೇ ಇಲ್ಲ."

ನನಗ ತಡೀಲಿಲ್ಲ. "ಹಂಗಾದ್ರ ಅಕ್ಕೋರ, ನಿಮ್ಮ ಮಾವ ಹಂದಿ ಹೊಡೆಯೋ ಬಂದೂಕು ಹಿಟ್ಟಿನ ಡಬ್ಬಿ ಹಿಂದ ನಿಂತದಲ್ಲ, ಅದೂ ನಾಳಿಗಿ ಖಾಲಿ ಮಾಡತದೇನು?"

ಮಾಲಕಿ ನನ್ನ ನುಂಗೋಹಂಗ ನೋಡಿದಳು. ಸೈನಿಕ ಅಡಗಿಮನಿಗಿ ಬಂದು, ನಮ್ಮನ್ನ ಹಿಂದ ಸರಿಸಿ ಮಾವನ ಬಂದೂಕು ತೆರೆದು ನೋಡಿದ. ಒಳಗ ಗುಂಡು ಕುಂತಿತ್ತು. ಹತ್ತು ವರ್ಷ ಆ ಬಂದೂಕಿನ ಬಾಯಿಗೇ ನನ್ನ ಚೀಲ ಸಿಗಿಸೀನಿ.

ಲೈಸೆನ್ಸ್ ಇಲ್ಲದ ಮಾವನ ಬಂದೂಕು ಠಾಣೇಕ ಹೋಯ್ತು, ಸೈನಿಕ ಉಳಕೊಂಡ. ಯಾರ ಬಂದೂಕಿದ್ರೂ ಗುಂಡು ತಗದು ಕೀಲಿ ಹಾಕಬೇಕಂತ ಹೊಸ ಕಾಗದ ಬರೆಸ್ಯಾರ. ಅಂದಿನಿಂದ ಮಾಲಕಿ ಉಳಿದ ಡಬ್ಬಿ ತಾನೇ ಒರಸತಾಳ. ಅವುಗಳ ಹಿಂದ ಏನಿಟ್ಟಾಳೋ, ನೋಡಬೇಕು.