ಆಚೆ ದಡಕ್ಕೆ ತಿರುಗಿಸಿದ ಬೇರುಗಳು

ಮದುವೆಯಾದ ಗಂಡಸು ಹೆಂಡತಿಯ ಮನೆಯಲ್ಲಿ ಉಣ್ಣುತ್ತಾನೆ, ಅಲ್ಲೇ ಮಲಗುತ್ತಾನೆ, ಅಲ್ಲೇ ಮಕ್ಕಳನ್ನು ಆಡಿಸುತ್ತಾನೆ. ಸತ್ತ ಮೇಲೆ ಮಾತ್ರ ಅವನ ಮೂಳೆ ತಾಯಿಮನೆಯದು. ನಮ್ಮ ಕಣಿವೆಯಲ್ಲಿ ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ. ಸಿಂತ್ಯೂಗೂ ಗೊತ್ತಿತ್ತು. ಗೊತ್ತಿದ್ದರೂ, ಮದುವೆಯಾದ ವರ್ಷವೇ ಗಂಡ ಕಿರ್ಮೆನ್ ದಾಟುವ ಸಂಕ ಬೆಳೆಸಲೆಂದು ಹೊಳೆಯಂಚಿನ ಆಲದಂಥ ದೊಡ್ಡ ಮರದ ಬೇರುಗಳನ್ನು ಆಚೆ ದಡಕ್ಕೆ ತಿರುಗಿಸಲು ಹೊರಟಾಗ ಅವಳಿಗೆ ಹಿಡಿಸಲಿಲ್ಲ. ಆಚೆ ದಡದಲ್ಲಿದ್ದದ್ದು ಅವನ ಅಕ್ಕ ಕ್ಸಿಯಾರಳ ಮನೆ.

ಕಟ್ಟಿದ ಬಿದಿರುಸಂಕವನ್ನು ಹೊಳೆ ಪ್ರತಿ ಮಳೆಗಾಲವೂ ನುಂಗಿಹಾಕುತ್ತಿತ್ತು. ಆ ವರ್ಷ ಕ್ಸಿಯಾರಳ ಮಗುವಿಗೆ ಸೋದರಮಾವನಿಲ್ಲದೆಯೇ ಹೆಸರಿಟ್ಟಿದ್ದರು. ನಮ್ಮಲ್ಲಿ ಅಪ್ಪನಿಲ್ಲದೆ ನಡೆದೀತು, ಸೋದರಮಾವನಿಲ್ಲದೆ ನಡೆಯದು. ಕಿರ್ಮೆನ್‌ಗೆ ಆ ಸಂಕಟ ತಡೆಯಲಾಗಲಿಲ್ಲ.

"ಈ ಸಂಕ ಬೆಳೆಯೋಕೆ ಎಷ್ಟು ವರ್ಷ ಬೇಕು?" ಸಿಂತ್ಯೂ ಕೇಳಿದಳು.

"ಇಪ್ಪತ್ತೋ, ಇಪ್ಪತ್ತೈದೋ."

"ಅಷ್ಟೊತ್ತಿಗೆ ನಿಮ್ಮಕ್ಕನ ಮಕ್ಕಳಿಗೇ ಮಕ್ಕಳಾಗಿರ್ತಾವೆ."

"ಆಗ್ಲಿ ಬಿಡು. ಅವಕ್ಕೂ ಕಾಲಿರುತ್ತಲ್ಲ!"

ಅಡಿಕೆಮರವನ್ನು ಉದ್ದಕ್ಕೆ ಸೀಳಿ, ತಿರುಳು ಕೆತ್ತಿ ದಂಬೆ ಮಾಡಿ, ಬಿದಿರಿನ ಆಸರೆ ಕೊಟ್ಟು ಹೊಳೆಗೆ ಅಡ್ಡಲಾಗಿ ಮಲಗಿಸಿದ. ಇಲಿಬಾಲದಷ್ಟು ತೆಳ್ಳಗಿನ ಬೇರುಗಳನ್ನು ಅದರೊಳಗೆ ಹರಿಯಬಿಟ್ಟು ಮೇಲೆ ಕೊಳೆತ ತರಗೆಲೆ ತುಂಬಿದ. ಇಷ್ಟು ಮಾಡಿ ಮಹಾರಾಯ ಕಿತ್ತಳೆ ಬುಟ್ಟಿ ಹೊತ್ತು ಬಯಲುಸೀಮೆಯ ಸಂತೆಗೆ ಇಳಿದುಬಿಡುತ್ತಿದ್ದ. ದಂಬೆ ಕೊಳೆತು ಲಡ್ಡಾದರೆ ಬದಲಿಸುವುದು, ದಾರಿ ತಪ್ಪಿದ ಬೇರನ್ನು ಹದವಾಗಿ ಬಾಗಿಸಿ ಕಟ್ಟುವುದು ಎಲ್ಲ ಸಿಂತ್ಯೂಳ ತಲೆಗೆ ಬಿತ್ತು. ಹೆತ್ತವನು ಅವನು, ಸಾಕಿದವಳು ಇವಳು ಎಂದು ಊರು ನಗುತ್ತಿತ್ತು.

ಮೂರನೆಯ ವರ್ಷ ಅವರ ಮಗಳಿಗೆ ಜ್ವರ ಬಂದಿತ್ತು. ಕಿರ್ಮೆನ್ ಸಂತೆಯಿಂದ ನೇರ ಅಕ್ಕನ ಮನೆಗೆ ಹೋದವನು, ಅಲ್ಲಿ ಯಾವುದೋ ಗಡಿ ಜಗಳ ಬಿಡಿಸುತ್ತ ಇಪ್ಪತ್ತು ದಿನ ಕೂತುಬಿಟ್ಟ. ಮಗು ಚೇತರಿಸಿಕೊಂಡ ದಿನವೇ ಸಿಂತ್ಯೂ ಕತ್ತಿ ಹಿಡಿದು ಹೊಳೆಗೆ ಹೋಗಿ, ಎಲ್ಲಕ್ಕಿಂತ ಮುಂದೆ ಹೋಗಿದ್ದ ಬೇರನ್ನು ಕಚಕ್ಕನೆ ಕಡಿದಳು. ಬಿಳಿ ಹಾಲು ಸುರಿದು ಕತ್ತಿಗೆ ಮೆತ್ತಿಕೊಂಡಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಮನೆಗೆ ಬಂದ ಕಿರ್ಮೆನ್ ಕತ್ತಿ ನೋಡಿದ. "ಬೇರಿಗೆ ತಾಗ್ತಾ?"

"ಹೂಂ, ತಾಗ್ತು."

"ತಾಗ್ತೋ, ತಾಗಿಸಿದ್ಯೋ?"

ಅವಳು ಒಲೆ ಊದುತ್ತ ಕೂತಳು.

"ಹೋಗ್ಲಿ ಬಿಡೇ. ಕಡಿದ ಬೇರು ಒಂದಿದ್ದದ್ದು ಎರಡಾಗಿ ಬರುತ್ತೆ. ನೀನು ಹೀಗೇ ಸಿಟ್ಟು ಮಾಡ್ಕೋತಾ ಇದ್ರೆ ನಮ್ಮ ಸಂಕ ಬೇಗ ಆಗುತ್ತೆ."

ಸಿಟ್ಟಿನಲ್ಲೂ ಅವಳಿಗೆ ನಗು ಬಂತು. ಮುಂದಿನ ಮಳೆಗೆ ಕಡಿದ ಜಾಗದಲ್ಲಿ ನಿಜವಾಗಿಯೂ ಎರಡು ಬೇರು ಒಡೆದವು. ಆ ಎರಡನ್ನೂ ಅವಳು ಉಳಿದವುಗಳಿಗಿಂತ ಜತನದಿಂದ, ಎಡಕ್ಕೊಂದು ಬಲಕ್ಕೊಂದು ಎಳೆದು, ಕೈಹಿಡಿಗೆಂದು ಬೆಳೆಸಿದಳು.

ಮೊದಲ ಬೇರು ತಿರುಗಿಸಿ ಹತ್ತೊಂಬತ್ತು ವರ್ಷ ಕಳೆದವು. ಬೇರುಗಳು ಆಚೆ ದಡದ ಬಂಡೆಯ ಸಂದಿಗೆ ಇಳಿದು ನೆಲ ಕಚ್ಚಿದ್ದವು. ಮಾಗಲು ಇನ್ನೂ ಐದು ವರ್ಷ ಬೇಕು, ಅಲ್ಲಿಯವರೆಗೆ ಯಾರೂ ಕಾಲಿಡಬಾರದು ಎಂದು ಊರ ಹಿರಿಯರು ಹೇಳಿದ್ದರು. ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಹೊಳೆಯ ಬಳಿ ಯಾರೂ ಇಲ್ಲದಾಗ, ಸಿಂತ್ಯೂ ಅದರ ಮೇಲೆ ಆಚೆ ತುದಿಯವರೆಗೂ ನಡೆದು ವಾಪಸು ಬಂದಳು. ಸಂಕ ತೂಗಿತು, ಆದರೆ ತಡೆಯಿತು. ಗಂಡಸರ ಭಾರಕ್ಕಲ್ಲದಿದ್ದರೂ ಅವಳಂಥ ಹಗುರ ಹೆಂಗಸಿಗೆ ಧಾರಾಳವಾಗಿ ತಡೆಯುತ್ತಿತ್ತು.

ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ತಿಳಿದರೆ ಕ್ಸಿಯಾರ್ ಮಳೆಯಲ್ಲೂ ದಾಟಿ ಬಂದಾಳು. ಮಳೆಗಾಲದ ನಾಲ್ಕು ತಿಂಗಳಾದರೂ ಗಂಡ ಪೂರ್ತಿ ತನ್ನವನಾಗಿರಲಿ ಎಂಬ ಆಸೆ. ಆಸೆಯೇ ಅದು, ಬೇರೆ ಹೆಸರು ಬೇಡ.

ಆ ಮಳೆಗಾಲದಲ್ಲೇ ಕಿರ್ಮೆನ್ ಜ್ವರ ಹಿಡಿದು ಮಲಗಿದ. ಹತ್ತನೆಯ ದಿನ, "ಅಕ್ಕನ್ನ ಒಂದ್ಸಲ ನೋಡ್ಬೇಕಿತ್ತು ಕಣೇ," ಎಂದ.

ಕ್ಸಿಯಾರ್ ಸಿಂತ್ಯೂಗಿಂತಲೂ ಸಣಕಲಿ. ದಡದಲ್ಲಿ ನಿಂತು ಒಂದು ಕೂಗು ಹಾಕಿದ್ದರೆ ಬಂದುಬಿಡುತ್ತಿದ್ದಳು. ಆದರೆ ಅವಳು ಬಂದರೆ ಇವನು ಸಾಯುವುದು ನಿಜವಾಗಿಬಿಡುತ್ತದೆ ಎಂದು ಸಿಂತ್ಯೂಗೆ ಅನ್ನಿಸಿತು. "ಮಳೆ ನಿಲ್ಲಲಿ," ಎಂದಳು. ಮಳೆ ನಿಲ್ಲಲಿಲ್ಲ. ಎರಡು ದಿನಕ್ಕೆ ಕಿರ್ಮೆನ್ ಹೋಗಿಬಿಟ್ಟ.

ಮಳೆಯ ಸಣ್ಣ ಬಿಡುವಿನಲ್ಲಿ ಸುಟ್ಟು, ಮೂಳೆ ಆಯ್ದು, ಗಡಿಗೆಯಲ್ಲಿಟ್ಟು ಬಿಳಿಬಟ್ಟೆ ಸುತ್ತಿದರು. ಚಿತೆಯ ಹೊಗೆ ಕಂಡ ಕ್ಸಿಯಾರ್ ಮಳೆಗೆ ಎಲೆಗೊರಬು ಹೊದ್ದು ಆಚೆ ದಡಕ್ಕೆ ಬಂದು ನಿಂತಳು. ಮರುದಿನವೂ ಬಂದಳು. ಮೂಳೆ ತಾಯಿಮನೆಯವರ ಸಮಾಧಿಗಲ್ಲಿನ ಕೆಳಗೆ ಸೇರುವವರೆಗೆ ಸತ್ತವನಿಗೆ ನೆಲೆಯಿಲ್ಲ.

ಮೂರನೆಯ ದಿನ ಹೊಳೆಯ ಮೊರೆತದ ಮೇಲೆ ಅವಳ ಕೂಗು ಕೇಳಿತು. "ಸಿಂತ್ಯೂ! ನೀನೇ ಸಾಕಿದವಳು, ನೀನೇ ಹೇಳು! ಸಂಕ ತಡೆಯುತ್ತಾ?"

ಇಲ್ಲ ಎಂದರೆ ಸಾಕಿತ್ತು. ಗಡಿಗೆ ಚಳಿಗಾಲದವರೆಗೆ ತನ್ನ ಒಲೆಯ ಪಕ್ಕದಲ್ಲೇ ಇರುತ್ತಿತ್ತು, ಯಾರೂ ಸುಳ್ಳೆನ್ನುತ್ತಿರಲಿಲ್ಲ. ಈಚೆ ದಡದ ಗಂಡಸರು ಆಗಲೇ ಆಗದೆಂದು ತಲೆಯಾಡಿಸುತ್ತಿದ್ದರು.

ಸಿಂತ್ಯೂ ಮನೆಗೆ ಹೋದಳು. ಗಡಿಗೆಯನ್ನು ಎದೆಗೆ ಕಟ್ಟಿಕೊಂಡು ಬಂದು ಸಂಕದ ಮೇಲೆ ಬರಿಗಾಲಿಟ್ಟಳು.

"ಏಯ್, ಹುಚ್ಚು ಹಿಡೀತಾ ನಿಂಗೆ!" ಹಿಂದಿನಿಂದ ಯಾರೋ ಕೂಗಿದರು.

ಬೇರುಗಳು ಜಾರುತ್ತಿದ್ದವು. ಕೆಳಗೆ ಕೆಂಪು ನೀರು ಬಂಡೆಗಳನ್ನೇ ಉರುಳಿಸಿಕೊಂಡು ಹೋಗುತ್ತಿತ್ತು. ಅವಳು ಎಡಗೈಗೆ ಒಂದು, ಬಲಗೈಗೆ ಒಂದು ಬೇರು ಹಿಡಿದಳು. ಅಂದು ಸಿಟ್ಟಿನಿಂದ ಕಡಿದಾಗ ಹುಟ್ಟಿದ ಜೋಡಿ ಅದು. ಒಮ್ಮೆ ಕಾಲು ಜಾರಿದಾಗಲೂ ಅವು ಬಿಡಲಿಲ್ಲ.

ಆಚೆ ದಡದಲ್ಲಿ ಎದೆಗೆ ಕಟ್ಟಿದ ಗಡಿಗೆ ಬಿಚ್ಚಿ ಕ್ಸಿಯಾರಳ ಕೈಗಿತ್ತಳು. "ಅಕ್ಕಾ, ಇದು ಚಳಿಗಾಲದಲ್ಲೇ ತಡೀತಿತ್ತು. ನಾನೇ ನಡೆದು ನೋಡಿದ್ದೆ. ಅವನು ನಿನ್ನ ನೋಡ್ಬೇಕು ಅಂದ. ಆಗಲೂ ನಾನು ಹೇಳ್ಲಿಲ್ಲ."

ಕ್ಸಿಯಾರಳ ಮುಖ ಕಲ್ಲಾಯಿತು. ಕೊನೆಗೆ ಗಡಿಗೆಯನ್ನು ಗೊರಬಿನ ಒಳಗೆ ಎಳೆದುಕೊಂಡು, ಸೊಂಟದ ಚೀಲದಿಂದ ಅಡಿಕೆ ತೆಗೆದು ಎರಡು ಹೋಳು ಮಾಡಿದಳು. ಒಂದನ್ನು ಸಿಂತ್ಯೂಳ ಕೈಲಿಟ್ಟಳು.

"ಅವನೀಗ ಮೇಲೆ ದೇವರ ಮನೇಲಿ, ಸತ್ತ ಹಿರಿಯರ ಜೊತೆ ಅಡಿಕೆ ಜಗೀತಾ ಕೂತಿರ್ತಾನೆ. ನಿನ್ನ ಮಾತಾಡಿಸೋಕೆ ನಂಗೆ ಇನ್ನೂ ದಿನ ಬೇಕು. ಆದ್ರೆ ಬರ್ತಿರು."

ಇಬ್ಬರೂ ಅಳುತ್ತ ಜಗಿದರು.

ವಾಪಸು ಬರುವಾಗ ಗಡಿಗೆಯಿಲ್ಲದ ಎದೆ ತೀರಾ ಹಗುರವಾಗಿತ್ತು. ಆ ಹಗುರ ಅವಳಿಗೆ ಬೇಡವಾಗಿತ್ತು. ನಡುಹೊಳೆಯಲ್ಲಿ ಹೊಸದೊಂದು ಬೇರು, ಇಲಿಬಾಲದಷ್ಟು ತೆಳ್ಳಗೆ, ಗಾಳಿಗೆ ನೇತಾಡುತ್ತಿತ್ತು. ಹತ್ತೊಂಬತ್ತು ವರ್ಷ ಸಿಕ್ಕ ಬೇರನ್ನೆಲ್ಲ ಆಚೆಗೇ ತಿರುಗಿಸಿದವಳು ಅವಳು. ಅಲ್ಲೇ ಮಂಡಿಯೂರಿ, ಸೆರಗಿನಂಚು ಹರಿದು, ಈ ಒಂದನ್ನು ತನ್ನ ಮನೆಯ ಕಡೆಗೆ ಬಾಗಿಸಿ ಕಟ್ಟಿದಳು.