ಬೋರ್ಡಿನ ಕೆಳಮೂಲೆ

ಕದ್ರಿಯಿಂದ ಬಸ್ಸು, ಆಮೇಲೆ ದೋಣಿ ಹಿಡಿದು ಬೆಂಗ್ರೆಯ ಶಾಲೆಗೆ ಹೋಗಿಬರುವ ರತ್ನಾವತಿ ಟೀಚರ್ ಆರನೇ ತರಗತಿಗೆ ಲೆಕ್ಕ ಕಲಿಸುತ್ತಾರೆ. ಸ್ಮಾರ್ಟ್ ಬೋರ್ಡ್ ಬಂದಾಗ ಅವರಿಗೇ ಅಂಜಿಕೆಯಿತ್ತು. ಬೆರಳು ತಾಗಿದರೆ ಗೆರೆ ಮೂಡುವ ಆ ದೊಡ್ಡ ಪರದೆಯನ್ನು ಮೊದಲು ಪಳಗಿಸಿದವಳು ನಿರೀಕ್ಷಾ. ತರಗತಿಯಲ್ಲೇ ಗಿಡ್ಡ ಹುಡುಗಿ. ಮೇಲೆ ಕೈ ಎಟುಕದೆ ಯಾವಾಗಲೂ ಎಡಗಡೆಯ ಕೆಳಮೂಲೆಯಲ್ಲೇ ಲೆಕ್ಕ ಬಿಡಿಸುತ್ತಿದ್ದಳು.

ಜುಲೈಯಲ್ಲಿ ಅವಳಿಗೆ ಡೆಂಗ್ಯೂ ಬಂತು. ಕಂಕನಾಡಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಉಳಿಯಲಿಲ್ಲ.

ಮಳೆಯ ಜೋರು ಇಳಿದ ಮೇಲೆ ಒಂದು ಬೆಳಗ್ಗೆ ರತ್ನಾವತಿ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ, ಆ ಮೂಲೆಯಲ್ಲಿ ತಾನಾಗಿ ಒಂದು ಚುಕ್ಕೆ ಮೂಡಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ನಡುಗುವ ಗೆರೆ. ಹತ್ತಿರ ಯಾರೂ ಇರಲಿಲ್ಲ.

"ನಿರೀಕ್ಷಾ ಬರೀತಿದ್ದಾಳೆ ಟೀಚರ್," ಮುಂದಿನ ಬೆಂಚಿನ ಮನ್ವಿತಾ ಮೆಲ್ಲಗೆ ಹೇಳಿದಳು.

ಅಳಿಸಿದರೆ ಮತ್ತೆ ಮೂಡಿತು. ಅಂದಿನಿಂದ ಕೆಲವು ಮಕ್ಕಳು ಬೋರ್ಡಿನ ಹತ್ತಿರ ಹೋಗಲು ಒಪ್ಪಲಿಲ್ಲ. ಉಳಿದವರು ಆ ಮೂಲೆಯನ್ನು ಅವಳಿಗೆ ಬಿಟ್ಟು ಬರೆಯತೊಡಗಿದರು. ತಾವೂ ಹಾಗೆಯೇ ಬರೆಯುತ್ತಿರುವುದು ರತ್ನಾವತಿಗೆ ತಡವಾಗಿ ಗೊತ್ತಾಯಿತು. ಗೊತ್ತಾದ ದಿನವೇ ರಿಪೇರಿಯವರಿಗೆ ಫೋನ್ ಮಾಡಿದರು.

ಬಂದ ಶಫೀಕ್ ಚೌಕಟ್ಟು ಬಿಚ್ಚಿ, ಸೆನ್ಸರ್‌ಗಳ ಮೇಲೆ ಕೂತಿದ್ದ ಉಪ್ಪನ್ನು ತೋರಿಸಿದ. ಕಡಲ ಗಾಳಿ ಇರುವಲ್ಲಿ ಇದು ಮಾಮೂಲು, ಯಾರೋ ಮುಟ್ಟಿದ ಹಾಗೆ ಬೋರ್ಡಿಗೆ ಅನಿಸುತ್ತದೆ ಎಂದ. ಒರೆಸಿದ. ಚುಕ್ಕೆ ಮೂಡುವುದು ನಿಂತಿತು.

ಮರುದಿನ ನಿರೀಕ್ಷಾಳ ತಾಯಿ ದೇಯಿ ಬಂದಳು. ಮಕ್ಕಳ ಬಾಯಿಂದ ಸುದ್ದಿ ಅವಳಿಗೆ ತಲುಪಿದ್ದೇ ಆ ಬೆಳಗ್ಗೆ. ಬಲೆ ಹೆಣೆಯುವುದನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದಳು.

"ಎಲ್ಲಿ ಬರುವುದು, ಟೀಚರ್?"

ರತ್ನಾವತಿ ಮಕ್ಕಳನ್ನು ಅಂಗಳಕ್ಕೆ ಕಳಿಸಿ ಜಾಗ ತೋರಿಸಿದರು. ದೇಯಿ ನೆಲದಲ್ಲಿ ಕೂತು ಬಿಳಿ ಪರದೆಯನ್ನು ಬಹಳ ಹೊತ್ತು ನೋಡಿದಳು.

"ನಿನ್ನೆ ಸರಿ ಮಾಡಿಸಿದೆ," ಎಂದರು ರತ್ನಾವತಿ. "ಉಪ್ಪು ಕೂತದ್ದಂತೆ. ಬೇರೆ ಎಂತ ಇರಲಿಲ್ಲ."

"ಮಕ್ಕಳಿಗೆ ಹೆದರಿಕೆ ಆಗ್ತದಲ್ಲ. ಸರಿ ಮಾಡಿಸಲೇಬೇಕು." ದೇಯಿ ಎದ್ದು ಸೆರಗು ಕೊಡವಿಕೊಂಡಳು. ಬಾಗಿಲ ಹತ್ತಿರ ಹೋಗಿ ನಿಂತಳು. "ಒಂದು ದಿವಸ ಮೊದಲು ನನಗೆ ಹೇಳಬಹುದಿತ್ತು."



ದೇಯಿ ಮತ್ತೆ ಶಾಲೆಯ ಕಡೆ ಬರಲಿಲ್ಲ. ದೋಣಿಯಲ್ಲಿ ಸಿಕ್ಕರೆ ಮೀನಿನ ವಿಷಯ, ಗಾಳಿಯ ವಿಷಯ ಮಾತಾಡುತ್ತಾಳೆ. ರತ್ನಾವತಿ ಈಗ ಮಕ್ಕಳಿಗಿಂತ ಮೊದಲೇ ತರಗತಿಗೆ ಹೋಗಿ ಬೋರ್ಡಿನ ಸ್ವಿಚ್ ಹಾಕುತ್ತಾರೆ. ಮೊದಲ ಅಂಕಿ ಬರೆಯುವ ಮುನ್ನ ಕೈ ತಡೆದು ಸ್ವಲ್ಪ ಹೊತ್ತು ಕಾಯುತ್ತಾರೆ. ಪರದೆ ಬಿಳಿಯಾಗಿಯೇ ಇರುತ್ತದೆ.