ಕೆರೆಗೆ ಬಂದ ಕಡಲಿನ ಮಾವ

ಮಾವನ ಬಲಗೈ ತೋರುಬೆರಳಿನ ಗೆಣ್ಣಿನ ಹತ್ತಿರ ಅಡ್ಡಕ್ಕೆ ಒಂದು ಗುಳಿ ಇತ್ತು. ನಲವತ್ತು ವರ್ಷ ಗಾಳದ ದಾರ ಉಜ್ಜಿ ಉಜ್ಜಿ ಆದದ್ದು. ಅದರ ಮೇಲೆ ಒಂದು ಅಕ್ಕಿಕಾಳು ಇಟ್ಟರೆ ಉರುಳದೆ ಅಲ್ಲೇ ನಿಲ್ಲುತ್ತಿತ್ತು. ಮಣಿಪಾಲದಲ್ಲಿ ಅವರ ಹೃದಯದ ಆಪರೇಷನ್ ಆದಾಗ ನರ್ಸ್ ಆ ಬೆರಳಿಗೇ ಕ್ಲಿಪ್ ಸಿಕ್ಕಿಸಿದಳು. ಯಂತ್ರದಲ್ಲಿ ಎಂತದೂ ಬರಲಿಲ್ಲ. ಅವಳು ಬೇರೆ ಬೆರಳಿಗೆ ಬದಲಾಯಿಸುವಾಗ ಮಾವ ಅಷ್ಟು ನೋವಿನಲ್ಲೂ, "ಆ ಬೆರಳು ಮೀನಿನ ಮಾತು ಮಾತ್ರ ಕೇಳುವುದು, ಸಿಸ್ಟರ್" ಎಂದರು. ಅವಳಿಗೆ ಅರ್ಥವಾಗಲಿಲ್ಲ. ನನಗೂ ಆಗ ಅರ್ಥವಾಗಿರಲಿಲ್ಲ.

ಅವರು ನನ್ನ ಅಮ್ಮನ ಅಣ್ಣ. ಉಚ್ಚಿಲದವರು. ಮಲ್ಪೆಯ ಟ್ರಾಲ್ ಬೋಟುಗಳಿಗೆ ಎಷ್ಟು ಕರೆದರೂ ಹೋಗದೆ, ಸಣ್ಣ ದೋಣಿಯಲ್ಲಿ ಗಾಳ ಹಾಕಿಯೇ ಬದುಕಿದವರು. ಕಡಲಿನ ತಳದಲ್ಲಿ ಬಂಡೆ ಎಲ್ಲಿ ಉಂಟೋ ಮೀನು ಅಲ್ಲಿ. ಆ ಬಂಡೆಯನ್ನು ಹುಡುಕುವುದಕ್ಕೆ ಅವರು ನೀರನ್ನಲ್ಲ, ನೆಲವನ್ನು ನೋಡುತ್ತಿದ್ದರು. ದಡದ ಒಂದು ಮರವೂ ಹಿಂದಿನ ಗುಡ್ಡವೂ ಒಂದೇ ಗೆರೆಗೆ ಬರಬೇಕು. ಇನ್ನೊಂದು ಕಡೆ ಇನ್ನೆರಡು ವಸ್ತುಗಳು ಹಾಗೆಯೇ ಕೂಡಬೇಕು. ಎರಡೂ ಗೆರೆ ಸೇರಿದ ಕಡೆ ದೋಣಿ ನಿಲ್ಲಿಸಿದರೆ ಕೆಳಗೆ ಬಂಡೆ. ಇದಕ್ಕೆ ಅವರ ಕಡೆ ಗುರುತು ಎನ್ನುತ್ತಾರೆ. ಗುರುತನ್ನು ಹೊರಗಿನವರಿಗೆ ಹೇಳುವುದಿಲ್ಲ, ಹೊರಗಿನವರನ್ನು ಕೇಳುವುದೂ ಇಲ್ಲ.

ಡಾಕ್ಟರು ಇನ್ನು ಕಡಲಿಗೆ ಇಳಿಯಲೇಬಾರದು ಎಂದರು. ಮದುವೆ ಮಕ್ಕಳು ಇಲ್ಲದ ಮನುಷ್ಯ, ಉಚ್ಚಿಲದಲ್ಲಿ ಬಿಟ್ಟರೆ ದೋಣಿ ಹತ್ತದೆ ಇರುವುದಿಲ್ಲ ಎಂದು ಅಮ್ಮ ಕುಕ್ಕುಂದೂರಿನ ನಮ್ಮ ಮನೆಗೆ ಕರೆತಂದರು. ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಬಾಯಿ ಸ್ವಲ್ಪ ಜೋರು. ಮಾವನ ಮಾತ್ರೆ, ಊಟ, ನಡಿಗೆ ಎಲ್ಲದಕ್ಕೂ ಟೈಂಟೇಬಲ್ ಹಾಕಿದೆ. ನಾನು ಹೇಳಿದ ಹಾಗೆ ಅವರು ಕೇಳಿದರು. ಮಾತು ಮಾತ್ರ ನಿಂತುಹೋಯಿತು. ಜಗಲಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂರುವುದು, ಊಟಕ್ಕೆ ಕರೆದರೆ ಬರುವುದು, ಮತ್ತೆ ಹೋಗಿ ಕೂರುವುದು.

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ದೊಡ್ಡ ಕೆರೆ ಉಂಟು. ಡಿಸೆಂಬರಿನ ಒಂದು ಬೆಳಿಗ್ಗೆ, ಚಳಿಗೆ ತಲೆಗೆ ಬೈರಾಸು ಸುತ್ತಿಕೊಂಡು, ಮಾವ ತಾವಾಗಿಯೇ ಅತ್ತ ನಡೆದರು. ನಾನು ಹಿಂದೆಯೇ ಓಡಿದೆ. ಅವರು ದಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿದರು. "ಉಪ್ಪಿಲ್ಲ" ಎಂದರು, ಯಾರೋ ಮೋಸ ಮಾಡಿದ ಹಾಗೆ. ಮರುದಿನದಿಂದ ಗಾಳ ಹಿಡಿದು ಹೊರಟರು.

ಮೊದಮೊದಲು ಅವರು ಕೆರೆಗೆ ಹೋಗುತ್ತಿದ್ದ ಹೊತ್ತು ನನಗೆ ಅರ್ಥವೇ ಆಗುತ್ತಿರಲಿಲ್ಲ. ಒಂದು ದಿನ ಎಂಟಕ್ಕೆ, ಮರುದಿನ ಒಂಬತ್ತಕ್ಕೆ, ಅದರ ಮರುದಿನ ಹತ್ತರ ಹತ್ತಿರ. ಆಮೇಲೆ ಗೊತ್ತಾಯಿತು, ಅವರು ಪಂಚಾಂಗದ ತಿಥಿ ನೋಡಿ ನೀರು ಏರುವ ಹೊತ್ತು ಲೆಕ್ಕ ಹಾಕುತ್ತಿದ್ದರು. ನಾನು ನಕ್ಕುಬಿಟ್ಟೆ. ಕೆರೆಗೆ ಭರತ ಇಳಿತ ಇಲ್ಲ ಎಂದು ಪಾಠವನ್ನೇ ಮಾಡಿದೆ. ಪೂರ್ತಿ ಕೇಳಿದ ಮೇಲೆ, "ನೀರಿಗೆ ಇಲ್ಲ, ಸರಿ. ಮೀನಿಗೂ ಇಲ್ಲ ಅಂತ ನೀನು ಕೇಳಿದ್ದೀಯಾ?" ಎಂದರು.

ಮೀನು ಬೀಳಲಿಲ್ಲ. ಒಂದು ವಾರ, ಎರಡು ವಾರ. ಕಡಲಿನ ಅಭ್ಯಾಸದಲ್ಲಿ ಸಿಗಡಿ ಸಿಕ್ಕಿಸುತ್ತಿದ್ದರು, ಅದನ್ನು ಏಡಿ ತಿಂದು ಹೋಗುತ್ತಿತ್ತು. ಆಚೆ ದಡದಲ್ಲಿ ಗದ್ದೆ ಇರುವ ಶೆಟ್ರು ಪಾಪ, ಒಳ್ಳೆಯವರು. ಚಾಕ್ಕೆ ಕರೆಯುತ್ತಿದ್ದರು. ಚಳಿಗೆ ಮೀನು ಎಲ್ಲಿ ಸೇರುತ್ತದೆ ಎಂದು ಹೇಳಲು ಹೊರಟರೆ ಮಾವ ಕೈಮುಗಿದು ತಡೆಯುತ್ತಿದ್ದರು. ಗೊತ್ತಿಲ್ಲದ ನೀರಿನಲ್ಲಿ ತಾನೇ ಹುಡುಕಿ ಒಂದು ಮೀನು ಹಿಡಿದರೆ ತಾನು ಇನ್ನೂ ಗಾಳದವನು. ಇಲ್ಲದಿದ್ದರೆ ತಂಗಿಯ ಮನೆಯಲ್ಲಿ ಮಾತ್ರೆ ತಿನ್ನುವ ಒಬ್ಬ ಮುದುಕ. ಅವರ ಮನಸ್ಸಿನಲ್ಲಿದ್ದದ್ದು ಇದು. ನನಗೆ ಕಂಡದ್ದು ಬರಿಗೈಯಲ್ಲಿ ಬರುವ ಮುಖ ಮಾತ್ರ. ನೋಡಲಿಕ್ಕಾಗಲಿಲ್ಲ.

ಒಂದು ಭಾನುವಾರ ನಾನು ಕಾರ್ಕಳ ಮಾರ್ಕೆಟಿನಿಂದ ಐಸಿನಲ್ಲಿಟ್ಟ ಒಂದು ಕಾಟ್ಲಾ ಮೀನು ತಂದೆ. ಮಾವ ಗಾಳದ ದಾರವನ್ನು ಗೂಟಕ್ಕೆ ಕಟ್ಟಿ ಶೆಟ್ರ ಮನೆಗೆ ಚಾಕ್ಕೆ ಹೋಗಿದ್ದಾಗ, ದಾರ ಎಳೆದು ಅದನ್ನು ಸಿಕ್ಕಿಸಿ ನೀರಿಗೆ ಬಿಟ್ಟೆ. ವಿಜ್ಞಾನದ ಟೀಚರ್ ನಾನು! ಸತ್ತ ಮೀನು ಎಳೆಯುವುದಿಲ್ಲ ಎನ್ನುವುದೂ ಹೊಳೆಯಲಿಲ್ಲ.

ಮಾವ ಶೆಟ್ರ ಜೊತೆಯೇ ಬಂದರು. ದಾರಕ್ಕೆ ಬೆರಳು ಕೊಟ್ಟರು. ಮುಖ ಬದಲಾಯಿತು. ನಿಧಾನ ಎಳೆದರು, ಮೀನು ಬಂತು. ಅದರ ಕಣ್ಣು ನೋಡಿದರು, ಕಿವಿರು ಎತ್ತಿ ನೋಡಿದರು. ಶೆಟ್ರು ಬಾಯಿ ತೆರೆದು ಮೀನನ್ನೂ ನನ್ನನ್ನೂ ನೋಡಿ, ತಲೆ ಕೆರೆದುಕೊಂಡು, "ಭಾರಿ ಮೀನು" ಎಂದರು. ಮಾವನೂ "ಹೌದು, ಒಳ್ಳೆ ಮೀನು" ಎಂದರು. ನಾನು ಗೆದ್ದೆ ಎಂದುಕೊಂಡೆ.

ಮನೆಯ ದಾರಿಯಲ್ಲಿ ಗದ್ದೆಯ ಅಂಚಿನಲ್ಲಿ ಮಾವ ನಿಂತರು. ಸಿಟ್ಟು ಇರಲಿಲ್ಲ, ಅದೇ ನನ್ನನ್ನು ಇಂದಿಗೂ ಸುಡುತ್ತದೆ. "ಡಾಕ್ಟರು ತೆಗೆದದ್ದು ಕಡಲು ಮಾತ್ರ. ಉಳಿದದ್ದನ್ನು ನೀನು ತೆಗೆದೆಯಲ್ಲ ಮಗಾ" ಎಂದರು. ಮನೆಗೆ ಬಂದು ಗಾಳವನ್ನು ಮೊಳೆಗೆ ತೂಗುಹಾಕಿದರು. ಮರುದಿನ ಬೆಳಿಗ್ಗೆ ಒಮ್ಮೆ ಮಾತ್ರ, ಗಾಳ ಇಲ್ಲದೆ, ಒಬ್ಬರೇ ಹೊರಗೆ ಹೋಗಿ ಅರ್ಧ ಗಂಟೆಯಲ್ಲಿ ತಿರುಗಿ ಬಂದರು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಹನ್ನೆರಡು ದಿನ ಜಗಲಿ ಬಿಟ್ಟು ಕದಲಲಿಲ್ಲ, ಊಟವೂ ಅರ್ಧಕ್ಕೆ ಇಳಿಯಿತು.

ಅಮ್ಮ ನನ್ನನ್ನು ಅಡುಗೆಕೋಣೆಗೆ ಕರೆದು ಉಗಿದರು. ನಮ್ಮ ಕಡೆ ಗುರುತು ಹೋಗುವುದು ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯ ಮಗನಿಗೆ. ಅಮ್ಮನಿಗೆ ಹುಟ್ಟಿದ್ದು ನಾನೊಬ್ಬಳೇ, ಹೆಣ್ಣು. "ಅವನ ಹತ್ತಿರ ಇರುವುದು ಅದೊಂದೇ ಆಸ್ತಿ. ಮೀನು ತಂದು ಕೊಟ್ಟೆ, ದೊಡ್ಡ ಉಪಕಾರ! ಅದನ್ನು ನನಗೆ ಕಲಿಸಿ ಅಂತ ಒಂದು ದಿನ ಕೇಳಿದ್ದೀಯಾ?"

ಕೇಳಲು ಮುಖ ಇರಲಿಲ್ಲ. ಮಾವನ ಪೆಟ್ಟಿಗೆಯಲ್ಲಿ ಒಂದು ಸೀಸದ ಗುಂಡು ಇತ್ತು, ಬುಡದಲ್ಲಿ ಸಣ್ಣ ಗುಳಿ. ಆ ಗುಳಿಗೆ ಬಟ್ಟೆ ಸೋಪು ಮೆತ್ತಿ ನೀರಿಗೆ ಇಳಿಸಿದರೆ ತಳದಲ್ಲಿ ಇರುವುದು ಅಂಟಿಕೊಂಡು ಬರುತ್ತದೆ, ಕೆಸರೋ ಮರಳೋ ಕಲ್ಲೋ ಎಂದು ತಿಳಿಯುತ್ತದೆ. ಇಷ್ಟು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಶಾಲೆಗೆ ರಜೆ ಹಾಕಿದೆ. ಶೆಟ್ರು ಕೆರೆಯ ಕಳೆ ತೆಗೆಯಲು ಡ್ರಮ್ಮು ಕಟ್ಟಿ ಮಾಡಿದ ತೆಪ್ಪ ಒಂದಿತ್ತು, ಅದನ್ನು ಕೇಳಿಕೊಂಡು, ಈಜು ಬಾರದ ನಾನು ದೇವರನ್ನು ನೆನೆದು ಹೊರಟೆ. ಹದಿನಾರು ಕಡೆ ಗುಂಡು ಇಳಿಸಿ, ಅಂಟಿದ್ದನ್ನೆಲ್ಲ ಕಾಗದದ ತುಂಡುಗಳಲ್ಲಿ ಕಟ್ಟಿ, ಮನೆಗೆ ತಂದು ಮಾವನ ಮುಂದೆ ಸಾಲಾಗಿ ಬಿಡಿಸಿಟ್ಟೆ.

ಅವರು ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಓರೆಗಣ್ಣಿನಲ್ಲಿ ನೋಡಿದರು. ಒಂದು ಕಾಗದದಲ್ಲಿ ಕೆಂಪುಕಲ್ಲಿನ ಹುಡಿ ಇತ್ತು.

"ಇದು ಎಲ್ಲಿಯದ್ದು?"

"ಕೆರೆಯ ನಡುವಿನಿಂದ."

"ನಡು ಅಂದರೆ? ಎಡಕ್ಕೆ ಎಂತ ಕಾಣ್ತಿತ್ತು, ಬಲಕ್ಕೆ ಎಂತ ಕಾಣ್ತಿತ್ತು?"

ನನಗೆ ಗೊತ್ತಿರಲಿಲ್ಲ. ನೀರನ್ನೇ ನೋಡಿಕೊಂಡಿದ್ದೆ. ಮಾವನಿಗೆ ನಿಜವಾಗಿ ಸಿಟ್ಟು ಬಂತು. ಇಷ್ಟು ಓದಿ ಎಂತ ಪ್ರಯೋಜನ, ಗುರುತು ಇಡದೆ ಗುಂಡು ಹಾಕುವುದಕ್ಕಿಂತ ಬಾವಿಗೆ ಕಲ್ಲು ಹಾಕಬಹುದು ಎಂದು ಬಾಯಿಗೆ ಬಂದ ಹಾಗೆ ಬೈದರು. ಎರಡು ತಿಂಗಳಲ್ಲಿ ಅವರು ಅಷ್ಟು ಮಾತಾಡಿದ್ದೇ ಇಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದೆ, ಒಳಗೆ ಹಾಲು ಕುಡಿದಷ್ಟು ಸಂತೋಷ. ಬೈದು ಮುಗಿಸಿ, "ಬೈರಾಸು ಎಲ್ಲಿ ಉಂಟು?" ಎಂದರು.

ಇಬ್ಬರೂ ಅದೇ ತೆಪ್ಪದಲ್ಲಿ ಹೊರಟೆವು, ಆ ಕೆಂಪು ಹುಡಿಯ ಜಾಗ ಸಿಗಲು ನಾಲ್ಕು ಬೆಳಿಗ್ಗೆ ಬೇಕಾಯಿತು. ಕೆಳಗೆ ಮುಳುಗಿದ ಹಳೆಯ ಕಟ್ಟೆ ಇರಬೇಕು. ಅದರ ಗುರುತು: ಮೊಬೈಲ್ ಟವರು ಬಾಗಿದ ತೆಂಗಿನ ತಲೆಯ ಮೇಲೆ, ಶೆಟ್ರ ದನದ ಹಟ್ಟಿಯ ಮಾಡು ಕರಿಬಂಡೆಯ ಅಂಚಿಗೆ. ನನ್ನ ಬಾಯಿಂದ ಮೂರು ಸಲ ಹೇಳಿಸಿದರು. ಈ ಸಲ ಎರೆಹುಳ ಸಿಕ್ಕಿಸಿದರು. ಚಳಿಗೆ ಮೀನಿಗೆ ಸೋಮಾರಿತನ, ಎಳೆಯುವುದಿಲ್ಲ, ಮುಟ್ಟಿ ನೋಡುತ್ತದೆ ಅಷ್ಟೆ ಎಂದು ಪಿಸುಗುಟ್ಟಿದರು. ದಾರ ಆ ಬೆರಳಿನ ಗುಳಿಯಲ್ಲಿ ಕೂತಿತ್ತು. ನನಗೆ ದಾರ ಅಲುಗಿದ್ದೇ ಕಾಣಲಿಲ್ಲ. ಮಾವ "ಉಂಟು" ಎಂದರು. ಬಂದದ್ದು ಮೊಣಕೈ ಉದ್ದದ ಮುಗುಡು, ಮೀಸೆ ಕುಣಿಸುತ್ತಾ. ಮಾವನ ಕಣ್ಣಲ್ಲಿ ನೀರು ನೋಡಿದ್ದು ಆಗ ಮಾತ್ರ. ಅಮ್ಮ ಅದನ್ನು ಪುಳಿಮುಂಚಿ ಮಾಡಿದರು. ಮಾವ ಎರಡು ಸಲ ಅನ್ನ ಹಾಕಿಸಿಕೊಂಡರು.

ಮತ್ತೆರಡು ಚಳಿಗಾಲ ನಾವು ಆ ಕೆರೆಯಲ್ಲಿ ಕಳೆದೆವು. ಕೊನೆಯ ವರ್ಷ ನನ್ನನ್ನು ಬಸ್ಸಿನಲ್ಲಿ ಕಾಪು ಕಡಲತೀರಕ್ಕೆ ಕರೆದುಕೊಂಡು ಹೋದರು. ನೀರಿನ ಅಂಚಿನಲ್ಲಿ ನಿಲ್ಲಿಸಿ, ಕಡಲಿಗೆ ಬೆನ್ನು ಹಾಕು ಎಂದರು. ದೀಪಸ್ತಂಭ, ಗುಡ್ಡ, ದೇವಸ್ಥಾನದ ಹಿಂದಿನ ಮರ, ಒಂದೊಂದನ್ನೂ ಯಾವುದಕ್ಕೆ ಕೂಡಿಸಬೇಕು ಎಂದು ಹೇಳಿದರು. ಹೆದ್ದಾರಿಗೆ ಕಡಿದ ಒಂದು ತಾಳೆಮರ ಇದ್ದ ಜಾಗವನ್ನೂ ಬೆರಳಿಟ್ಟು ತೋರಿಸಿದರು. ಏಳು ಬಂಡೆಗಳ ಗುರುತು. ಈಗ ಎಲ್ಲ ದೋಣಿಯಲ್ಲೂ ಜಿಪಿಎಸ್ ಉಂಟು, ಯಾರಿಗೂ ಅವು ಬೇಡ. ನಾನು ದೋಣಿ ಹತ್ತುವವಳೂ ಅಲ್ಲ. ಆದರೂ ಏಳೂ ನನಗೆ ಬಾಯಿಪಾಠ.

ಮಾವ ಜನವರಿಯಲ್ಲಿ ಹೋದರು, ಬೆಳಿಗ್ಗೆ, ಬೈರಾಸು ಸುತ್ತಿಕೊಳ್ಳುತ್ತಿದ್ದ ಹಾಗೆ. ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿದ ಮೇಲೆ ಶೆಟ್ರು ಜಗಲಿಯಲ್ಲಿ ನನ್ನ ಹತ್ತಿರ ಕೂತರು. ನಾನು, ತಡೆಯಲಾಗದೆ, ಆ ಕಾಟ್ಲಾದ ವಿಷಯ ಅವರಿಗೆ ಹೇಳಿಬಿಟ್ಟೆ. ಅವರು ಮೆಲ್ಲ ನಕ್ಕರು.

"ನಮ್ಮ ಕೆರೆಯಲ್ಲಿ ಕಾಟ್ಲಾ ಎಲ್ಲಿ ಉಂಟು ಟೀಚರ್? ನನಗೆ ಆವತ್ತೇ ಗೊತ್ತಾಗಿತ್ತು. ಮರುದಿನ ಬೆಳಿಗ್ಗೆ ನಿಮ್ಮ ಮಾವ ಬಂದಿದ್ದರು. ಅಂಗಳದಲ್ಲೇ ನಿಂತು ಕೈ ಮುಗಿದರು. 'ಹುಡುಗಿ ಪ್ರೀತಿಯಲ್ಲಿ ಮಾಡಿದ್ದು ಶೆಟ್ರೇ, ಊರಲ್ಲಿ ಹೇಳಿ ಅವಳನ್ನು ನಗೆಪಾಟಲು ಮಾಡಬೇಡಿ' ಅಂದರು."

ಆ ಅರ್ಧ ಗಂಟೆ. ಮೀನು ಎಲ್ಲಿ ಉಂಟೆಂದು ಯಾರ ಹತ್ತಿರವೂ ಕೇಳದ ಮನುಷ್ಯ, ನಾನು ಅವರ ಮನಸ್ಸು ಮುರಿದ ಮರುದಿನವೇ, ನನಗೋಸ್ಕರ ಕೇಳಲು ಹೋಗಿದ್ದರು.